ನಾಸ್ತಿಕ ಮಿತ್ರನಿಗೆ ಕೊಟ್ಟ ಉತ್ತರ

ನನ್ನ ಬಾಲ್ಯದ ಗೆಳೆಯನೊಬ್ಬನು ಮೊನ್ನೆ ಮನೆಗೆ ಬಂದಿದ್ದಾಗ ಹೀಗೆಂದನು: “ದೇವರಿರುವನೆಂದು ನಂಬಲು ನನಗೆ ಆಧಾರ ಕಾಣದು. ದೇವರೇ ಇಲ್ಲವಾದ ಮೇಲೆ ಪಾಪವೆಲ್ಲಿ, ಪುಣ್ಯವೆಲ್ಲಿ? ನೀತಿಯೆಂಬುದು ಭಯಕ್ಕೆ ಹೊದಿಸಿದ ಶಾಲು.” ಮಾತೇನೋ ಸೊಗಸಾಗಿತ್ತು, ಅವನು ವಿದ್ಯಾರ್ಥಿದೆಸೆಯಿಂದಲೂ ಹಾಗೆಯೇ ಮಾತನಾಡುವವನು. ಆದರೆ ಹತ್ತನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗನು ಅಲ್ಲಿಯೇ ಕುಳಿತು ಕೇಳುತ್ತಿದ್ದನು. ನಕ್ಕು ಸುಮ್ಮನಾಗುವಂತಿರಲಿಲ್ಲ.

ವಿದ್ಯಾರ್ಥಿಗಳೇ, ಈ ಮಾತಿನಲ್ಲಿ ಎರಡು ಸಂಗತಿಗಳು ಬೆಸೆದುಕೊಂಡಿವೆ. ದೇವರಿಲ್ಲವೆಂಬುದು ಒಂದು, ಆದಕಾರಣ ನೀತಿಯೂ ಇಲ್ಲವೆಂಬುದು ಇನ್ನೊಂದು. ಮೊದಲನೆಯ ವಾದವು ನಮ್ಮ ಜಗಲಿಯಲ್ಲಿ ತೀರುವಂತಹುದಲ್ಲ. ಎರಡನೆಯದಕ್ಕೆ ಮಾತ್ರ ನಾನು ಒಬ್ಬ ನಾಸ್ತಿಕರನ್ನೇ ಸಾಕ್ಷಿಗೆ ಕರೆದೆನು.

ಅವರು ಆಂಧ್ರದ ಗೋಪರಾಜು ರಾಮಚಂದ್ರರಾವ್. ಗೋರಾ ಎಂದೇ ಪ್ರಸಿದ್ಧರು. 1902ರಲ್ಲಿ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿ, ಸಸ್ಯಶಾಸ್ತ್ರದ ಉಪನ್ಯಾಸಕರಾದರು. ನಾಸ್ತಿಕವಾದದ ನಿಮಿತ್ತ ಉದ್ಯೋಗವನ್ನು ಕಳೆದುಕೊಂಡರು. 1940ರಲ್ಲಿ ಮುದುನೂರೆಂಬ ಹಳ್ಳಿಯಲ್ಲಿ ನೆಲೆಸಿ, ಅಸ್ಪೃಶ್ಯತೆಯ ನಿವಾರಣೆಗಾಗಿ ಸಹಭೋಜನಗಳನ್ನು ನಡೆಸಿದರು. ಯಾವ ನರಕದ ಭಯ ಅವರನ್ನು ಅಲ್ಲಿಗೆ ಅಟ್ಟಿತು? ಯಾವ ಸ್ವರ್ಗದ ಆಸೆ?

ಗಾಂಧೀಜಿಯವರು ಇಂತಹವರನ್ನು ಕಂಡ ರೀತಿ ಇನ್ನೂ ಸ್ವಾರಸ್ಯವಾದುದು. ದೇವರೇ ಸತ್ಯವೆನ್ನುತ್ತಿದ್ದ ಅವರು ಸತ್ಯವೇ ದೇವರೆಂದು ಮಾತನ್ನು ತಿರುಗಿಸಿಕೊಂಡುದಕ್ಕೆ 1931ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕಾರಣ ಹೇಳಿದರು: ದೇವರನ್ನು ಅಲ್ಲಗಳೆಯುವವರು ಕೂಡ ಸತ್ಯವನ್ನು ಅಲ್ಲಗಳೆಯಲಾರರು. ಸೇವಾಗ್ರಾಮಕ್ಕೆ ಬಂದ ಗೋರಾರನ್ನು ಅವರು ಮತಾಂತರಿಸಲು ಹೊರಡಲಿಲ್ಲ. ಅವರ ಕೆಲಸವನ್ನು ಕೇಳಿ ತಿಳಿದರು, ವಾದಿಸಿದರು, ಗೌರವಿಸಿದರು. ಗೋರಾರ ಹಿರಿಯ ಮಗಳು ಮನೋರಮಾ ಹರಿಜನ ತರುಣನನ್ನು ವರಿಸಲಿದ್ದಾಗ, ವಿವಾಹವಿಧಿಯಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರಿರಲೆಂದು ಒಪ್ಪಿದರು. ಆ ಮದುವೆಯನ್ನು ನೋಡಲು ಗಾಂಧೀಜಿ ಉಳಿಯಲಿಲ್ಲ. 1948ರ ಮಾರ್ಚ್‌ನಲ್ಲಿ ಅದು ಸೇವಾಗ್ರಾಮದಲ್ಲಿಯೇ ನಡೆಯಿತು.

ಇದನ್ನೆಲ್ಲ ಕೇಳಿ ಗೆಳೆಯನು, “ಹಾಗಾದರೆ ನಿನ್ನ ದೇವರು ಏತಕ್ಕೆ?” ಎಂದನು. ಪ್ರಶ್ನೆ ನ್ಯಾಯವಾದುದೇ. ನಾನೆಂದೆ: “ಕಷ್ಟಕಾಲದಲ್ಲಿ ಕೈಜೋಡಿಸಲು ನನಗೆ ಅವನು ಬೇಕು. ಆದರೆ ಅಂಗಡಿಯವನು ತಪ್ಪಿ ಹೆಚ್ಚಾಗಿ ಕೊಟ್ಟ ಚಿಲ್ಲರೆಯನ್ನು ಹಿಂದಿರುಗಿಸಲು ಅವನು ಕಾವಲಿರಬೇಕೆಂದಾದರೆ, ದೋಷ ನನ್ನದು. ನೀನೂ ಹಿಂದಿರುಗಿಸುವವನೇ, ನಾನು ಕಂಡಿದ್ದೇನೆ.”

ಅವನು ಮಾತನಾಡಲಿಲ್ಲ. ಮೊಮ್ಮಗನು ಮಾತ್ರ, “ಅಜ್ಜಾ, ಗಾಂಧಿ ಗೆದ್ದರೋ ಗೋರಾ ಗೆದ್ದರೋ?” ಎಂದು ಕೇಳಿದನು. ಗಾಂಧೀಜಿಯೊಡನೆ ನಡೆದ ಮಾತುಕತೆಗಳನ್ನು ಗೋರಾ 1951ರಲ್ಲಿ ಪುಸ್ತಕವಾಗಿ ಪ್ರಕಟಿಸಿದ್ದಾರೆ. ಓದಿ ನೀನೇ ಹೇಳೆಂದೆನು. ಆದರೆ ಆ ಪುಸ್ತಕವನ್ನು ಗೆಳೆಯನು ಅಂದೇ ಕೊಂಡೊಯ್ದನು. ಇನ್ನೂ ಮರಳಿ ಬಂದಿಲ್ಲ.