ಜೀಪಿಗೆ ರೇಡಿಯೋ ಕೂರಿಸುವ ಮುನ್ನ

ಘಟ್ಟದ ಮೇಲಿನ ಒಂದು ಚೆಕ್‌ಪೋಸ್ಟ್. ಡ್ಯಾಶ್‌ಬೋರ್ಡ್ ಕೆಳಗೆ ಸುರುಳಿ ವೈರಿನ ಮೈಕ್ ನೇತಾಡುವುದು ಕಂಡು ಗಾರ್ಡ್ ಟಾರ್ಚ್ ಹಾಯಿಸಿದ. "ಇದೇನ್ ಸಾರ್, ಪೊಲೀಸ್ ವೈರ್‌ಲೆಸ್ಸಾ?" ಆರ್‌ಸಿ ಜೊತೆಗೇ ಮಡಚಿಟ್ಟಿದ್ದ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸಿನ ಪ್ರತಿ ತೆಗೆದುಕೊಟ್ಟೆ. ಎರಡು ಸಲ ತಿರುವಿ ನೋಡಿ, ನನ್ನ ಕಾಲ್‌ಸೈನನ್ನು (ರೇಡಿಯೋ ಗುರುತನ್ನು) ರಿಜಿಸ್ಟರಿನಲ್ಲಿ ಬರೆದುಕೊಂಡು ಗೇಟು ಎತ್ತಿದ. ಆ ಹಾಳೆ ಮನೆಯ ಬೀರುವಿನಲ್ಲಿದ್ದಿದ್ದರೆ ರಾತ್ರಿ ಅಲ್ಲೇ ಕಳೆಯಬೇಕಿತ್ತೇನೋ.

ಸ್ಪಿತಿಗೆ, ಲಡಾಖಿಗೆ ಗಾಡಿಯಲ್ಲಿ ಹೊರಟವರು ಯಾವ ರೇಡಿಯೋ ಕೊಳ್ಳಲಿ ಎಂದು ಕೇಳುತ್ತಾರೆ. ಹ್ಯಾಮ್ ಲೈಸೆನ್ಸಿನ ಪರೀಕ್ಷೆ ಬರೆದಿದ್ದೀರಾ ಎಂದು ನಾನು ತಿರುಗಿ ಕೇಳುತ್ತೇನೆ. ಅನುಮತಿಯಿಲ್ಲದೆ ಮಾತಾಡಿದರೆ ಮಾತ್ರ ತಪ್ಪು ಎಂದುಕೊಂಡವರೇ ಹೆಚ್ಚು. ಹಾಗಲ್ಲ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದಲೂ ಲೈಸೆನ್ಸ್ ಇಲ್ಲದೆ ಇಂಥ ಪೆಟ್ಟಿಗೆ ಇಟ್ಟುಕೊಳ್ಳುವುದೇ ಅಪರಾಧ. ಹಂತಹಂತವಾಗಿ ಜಾರಿಗೆ ಬರುತ್ತಿರುವ 2023ರ ದೂರಸಂಪರ್ಕ ಕಾಯ್ದೆಯೂ ಈ ಪಟ್ಟು ಬಿಟ್ಟಿಲ್ಲ. ಆನ್‌ಲೈನಿನಲ್ಲಿ ಸಿಕ್ಕಿತು ಎಂಬ ಸಮಜಾಯಿಷಿ ನಡೆಯುವುದಿಲ್ಲ. ಅನುಮತಿಯ ವಿವರವಿಲ್ಲದೆ ವಾಕಿಟಾಕಿ ಮಾರುತ್ತಿದ್ದ ತಾಣಗಳಿಗೇ 2025ರಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನೋಟಿಸ್ ಕೊಟ್ಟಿದೆ. ಸ್ಯಾಟಲೈಟ್ ಫೋನ್ ಒಯ್ಯುತ್ತೇನೆ ಎನ್ನುವವರಿಗೂ ಇದೇ ಮಾತು. ಅನುಮತಿಯಿಲ್ಲದ ಥುರಾಯಾ, ಇರಿಡಿಯಂ ಹಿಡಿದು ಬಂದ ವಿದೇಶಿಯರು ನಮ್ಮ ವಿಮಾನ ನಿಲ್ದಾಣಗಳಲ್ಲೇ ಸಿಕ್ಕಿಬಿದ್ದಿದ್ದಾರೆ.

ಲೈಸೆನ್ಸ್ ಪಡೆಯುವುದೇನೂ ದೊಡ್ಡ ತಲೆನೋವಲ್ಲ. 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆಗೆ ಕೂರಬಹುದು, ಅರ್ಜಿ ದೂರಸಂಪರ್ಕ ಇಲಾಖೆಯ ಸರಳ ಸಂಚಾರ್ ಪೋರ್ಟಲಿನಲ್ಲಿ. ದರ್ಜೆ ಎರಡು: ರೆಸ್ಟ್ರಿಕ್ಟೆಡ್ ಮತ್ತು ಜನರಲ್. ಜನರಲ್‌ಗೆ ಮೋರ್ಸ್ ಸಂಕೇತವೂ ಬರಬೇಕು. ದೂರ ಪ್ರಯಾಣಕ್ಕೆ ಎಚ್‌ಎಫ್ (ಹೈ ಫ್ರೀಕ್ವೆನ್ಸಿ) ಬೇಕೆನ್ನುವವರು ಜನರಲ್‌ಗೇ ಓದಿ; ರೆಸ್ಟ್ರಿಕ್ಟೆಡ್‌ನಲ್ಲಿ ಬಳಸಬಹುದಾದ ಶಕ್ತಿಯೂ ಸವಲತ್ತೂ ಕಡಿಮೆ. ಪಾಸಾದ ದಿನವೇ ಲೈಸೆನ್ಸ್ ಕೈಗೆ ಬರುವುದಿಲ್ಲ, ಆದ್ದರಿಂದ ಹೊರಡುವ ತಿಂಗಳಲ್ಲಿ ಅರ್ಜಿ ಹಾಕಬೇಡಿ. ಇನ್ನೊಂದು ಮಾತು: ಗಾಡಿಯಲ್ಲಿ ಲೈಸೆನ್ಸ್ ಇರುವವರು ನೀವೊಬ್ಬರೇ ಆಗಿ, ಹುಷಾರು ತಪ್ಪುವವರೂ ನೀವೇ ಆದರೆ? ಮನೆಯವರನ್ನೋ ಗೆಳೆಯರನ್ನೋ ಜೊತೆಗೇ ಪರೀಕ್ಷೆಗೆ ಕೂರಿಸಿ.

ಲೈಸೆನ್ಸಿನಲ್ಲಿ ನಿಮ್ಮ ರೇಡಿಯೋ ನಿಲ್ದಾಣದ ವಿಳಾಸ ಇರುತ್ತದೆ. ಸ್ಥಳ ಬದಲಾವಣೆಗೂ ವಾಹನದಿಂದ ಬಳಸುವುದಕ್ಕೂ ಏನು ಷರತ್ತು ಎಂದು ಇಲಾಖೆಗೆ ಬರೆದು ಕೇಳಿ, ಉತ್ತರದ ಪ್ರತಿ ಗಾಡಿಯಲ್ಲಿಡಿ. ಗಡಿ ಜಿಲ್ಲೆಗಳಲ್ಲಿ ಬಾಯಿಮಾತು ಯಾರೂ ಕೇಳರು.

ಇನ್ನು ಪೆಟ್ಟಿಗೆ. ಯೇಸು ಕಂಪನಿಯ ಎಫ್‌ಟಿ-891ರಂಥ 100 ವ್ಯಾಟಿನ ರಿಗ್ (ರೇಡಿಯೋ ಸೆಟ್) ಗಾಡಿಗೆ ಹೇಳಿ ಮಾಡಿಸಿದ್ದು: ಮುಂಭಾಗ ಬಿಚ್ಚಿ ಡ್ಯಾಶ್‌ಬೋರ್ಡಿಗೆ, ಉಳಿದದ್ದು ಸೀಟಿನಡಿಗೆ. ಪೂರ್ತಿ ಶಕ್ತಿಯಲ್ಲಿ ಸುಮಾರು 23 ಆಂಪಿಯರ್ ಎಳೆಯುತ್ತದೆ. ಸಿಗರೇಟ್ ಸಾಕೆಟ್ಟಿಗೆ ಸಿಕ್ಕಿಸಿದರೆ ಫ್ಯೂಸ್ ಹೋಗುವುದು ಖಂಡಿತ. ಬ್ಯಾಟರಿಯಿಂದಲೇ ದಪ್ಪ ವೈರ್ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿಸಿ. ಹೆಚ್ಚಿನ ಹೊಸಬರು ದುಡ್ಡೆಲ್ಲ ರಿಗ್ಗಿಗೆ ಸುರಿದು ಆಂಟೆನಾಗೆ ಕೈ ಬಿಗಿಹಿಡಿಯುತ್ತಾರೆ. ಗಾಡಿಯ ಮೇಲಿನ ಕೋಲು ಆಂಟೆನಾ ಓಡುವಾಗ ಸರಿ. ನಿಂತಾಗ ಮಾತ್ರ 20 ಮೀಟರ್ ವೈರನ್ನು ನಡುವೆ ಕತ್ತರಿಸಿ, ಕೇಬಲ್ ಬೆಸೆದು, ನಡುಭಾಗವನ್ನು ಹಲಸಿನ ಕೊಂಬೆಗೆ ಏರಿಸಿ. 7.0ರಿಂದ 7.2 ಮೆಗಾಹರ್ಟ್ಸ್ ನಡುವಿನ 40 ಮೀಟರ್ ಬ್ಯಾಂಡಿನಲ್ಲಿ ಹಗಲು ಹೊತ್ತು ಮಾತು ನೆತ್ತಿಯ ಮೇಲೆ ಹೋಗಿ ಕೆಳಗಿಳಿಯುತ್ತದೆ. ಗುಡ್ಡ ಅಡ್ಡ ಬಂತು ಎನ್ನುವ ವಿಎಚ್‌ಎಫ್ ಗೋಳು ಇಲ್ಲ. ಕತ್ತಲಾದ ಮೇಲೆ ಹತ್ತಿರದವರು ಬೇಕಿದ್ದರೆ 80 ಮೀಟರಿಗೆ ಇಳಿಯಿರಿ.

ಹಳೆಯ ರಿಗ್ ಕೊಳ್ಳುವಾಗ ಮಾರುವವರ ಕಾಲ್‌ಸೈನ್, ಯಂತ್ರದ ಸೀರಿಯಲ್ ನಂಬರ್, ಸಹಿ ಇರುವ ಚೀಟಿ ಕೇಳಿ ಪಡೆಯಿರಿ. "ಎಲ್ಲ ಫ್ರೀಕ್ವೆನ್ಸಿಯಲ್ಲೂ ಮಾತಾಡುತ್ತೆ, ಓಪನ್ ಮಾಡಿಸಿದ್ದೀನಿ ಅಣ್ಣ" ಎಂದರೆ ಅಲ್ಲಿಂದ ಎದ್ದು ಬನ್ನಿ. ಹ್ಯಾಮ್ ಬ್ಯಾಂಡಿನ ಹೊರಗೆ ಕಳಿಸುವ ಹಕ್ಕು ನಿಮಗಿಲ್ಲ. ಬ್ಯಾಂಡಿನ ಒಳಗೂ ವ್ಯಾಪಾರದ ಮಾತು, ಗುಪ್ತಲಿಪಿ ನಿಷಿದ್ಧ. ಹೋಂಸ್ಟೇ ಬುಕಿಂಗ್ ಕೂಡ ವ್ಯಾಪಾರವೇ.

ನಾಲ್ಕು ಗಾಡಿ ಒಟ್ಟಿಗೆ ಹೋಗುವಾಗ ಹಿಂದಿನವನಿಗೆ "ಎಡಕ್ಕೆ ತಿರುಗು" ಎನ್ನಲು ಇಷ್ಟೆಲ್ಲ ಬೇಡ. ಪರವಾನಗಿ ವಿನಾಯಿತಿಯಿರುವ 446 ಮೆಗಾಹರ್ಟ್ಸಿನ, ಇಲಾಖೆಯ ಅನುಮೋದನೆ ಪಡೆದ ಕೈ ಸೆಟ್ ಸಾಕು. ಪೆಟ್ಟಿಗೆಯ ಮೇಲೆ ಅನುಮೋದನೆಯ ವಿವರ ಇದೆಯೇ ನೋಡಿ, ಬಿಲ್ ಎಸೆಯಬೇಡಿ.