ಸ್ತ್ರೀಪರ್ವದ ಒಂದು ಪಾಠ: ದಿಕ್ಕಿಲ್ಲದೆ ಮಡಿದವರು

ಶ್ರೀಮನ್ಮಹಾಭಾರತದ ಹದಿನೆಂಟು ಪರ್ವಗಳಲ್ಲಿ ಸ್ತ್ರೀಪರ್ವವು ಹನ್ನೊಂದನೆಯದು, ಗಾತ್ರದಲ್ಲಿ ಚಿಕ್ಕದು. ಪ್ರವಚನಗಳಲ್ಲಿ ದುರ್ಯೋಧನನ ಊರುಭಂಗವಾದ ಮೇಲೆ ನೇರವಾಗಿ ಶಾಂತಿಪರ್ವದ ಧರ್ಮೋಪದೇಶಕ್ಕೆ ಸಾಗುವುದೇ ಹೆಚ್ಚಾದ್ದರಿಂದ ಈ ಪರ್ವವು ನಮ್ಮ ಕಿವಿಗೆ ಬೀಳುವುದು ಅಪರೂಪ. ಆದರೆ ಯುದ್ಧವನ್ನು ಬಯಸಿದವರು ಯಾರು, ಕಾದಿದವರು ಯಾರು, ಅದರ ಬೆಲೆಯನ್ನು ತೆತ್ತವರು ಯಾರು ಎಂಬುದನ್ನು ತಿಳಿಯಬೇಕಾದರೆ ಈ ಪರ್ವವನ್ನು ಓದಲೇಬೇಕು.

ಅಕ್ಷೌಹಿಣಿಯ ಲೆಕ್ಕ

ಒಂದು ಅಕ್ಷೌಹಿಣಿಯಲ್ಲಿ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳುಗಳೆಂದು ಆದಿಪರ್ವವು ಹೇಳುತ್ತದೆ. ಕೌರವರ ಹನ್ನೊಂದು, ಪಾಂಡವರ ಏಳು ಕೂಡಿದರೆ ಹದಿನೆಂಟು ಅಕ್ಷೌಹಿಣಿ. ರೈಲ್ವೆ ಇಲಾಖೆಯಲ್ಲಿ ಬಹುಕಾಲ ಅಂಕಿಸಂಖ್ಯೆಗಳೊಡನೆ ಬಾಳಿದ ನಮಗೆ ಇದನ್ನು ಗುಣಿಸಿ ನೋಡದೆ ಇರಲಾಗದು. ಕಾಲಾಳುಗಳೇ 19,68,300 ಮಂದಿ! ಇವರಲ್ಲಿ ಎಷ್ಟು ಜನರ ಹೆಸರನ್ನು ನಾವು ಬಲ್ಲೆವು? ಗೀತೆಯ ಪ್ರಥಮಾಧ್ಯಾಯದಲ್ಲಿ ದುರ್ಯೋಧನನು ತನ್ನ ಕಡೆಯ ಕೆಲವೇ ಮಹಾರಥರನ್ನು ಹೆಸರಿಸಿ, ತನಗಾಗಿ ಪ್ರಾಣವನ್ನು ಬಿಡಲು ಬಂದ ಬೇರೆ ಶೂರರೂ ಬಹಳ ಮಂದಿ ಇದ್ದಾರೆಂದು ಮುಗಿಸಿಬಿಡುತ್ತಾನೆ. ಐದು ಗ್ರಾಮಗಳನ್ನು ಕೊಟ್ಟಿದ್ದರೆ ನಿಲ್ಲುತ್ತಿದ್ದ ಯುದ್ಧವದು. ಕೊಡದವನು ಒಬ್ಬ, ಅದಕ್ಕಾಗಿ ಮಡಿದವರು ಲಕ್ಷಾಂತರ. ಆ ಕಾಲಾಳುಗಳಿಗೆ ಹಸ್ತಿನಾವತಿಯ ಸಿಂಹಾಸನದಲ್ಲಿ ಯಾವ ಪಾಲೂ ಇರಲಿಲ್ಲ.

ಪಾಂಡವರ ಯುದ್ಧವು ಧರ್ಮಯುದ್ಧವೆಂಬುದರಲ್ಲಿ ಸಂದೇಹವಿಲ್ಲ. ಅದು ಭೂಭಾರಹರಣಕ್ಕಾಗಿ ಶ್ರೀಹರಿಯ ಸಂಕಲ್ಪದಿಂದ ನಡೆದದ್ದೆಂಬುದು ನಮ್ಮ ಸಿದ್ಧಾಂತ. ಆದರೆ ಯುದ್ಧವು ಧರ್ಮ್ಯವಾದ ಮಾತ್ರಕ್ಕೆ ದುಃಖವು ಇಲ್ಲವಾಗುವುದಿಲ್ಲ. ವೇದವ್ಯಾಸದೇವರು ಅದನ್ನು ಮುಚ್ಚಿಡದೆ ಒಂದು ಪರ್ವವನ್ನೇ ಅದಕ್ಕೆ ಮೀಸಲಿಟ್ಟಿದ್ದಾರೆ. ಸಿಕ್ಕ ತಲೆಯನ್ನು ಸಿಕ್ಕ ಮುಂಡಕ್ಕೆ ಹೊಂದಿಸಿ ನೋಡಿ, ಇದು ಇವನದಲ್ಲವೆಂದು ಕೂಗುವ ಸ್ತ್ರೀಯರು ಅಲ್ಲಿದ್ದಾರೆ. ಪತಿಯ ಶಿರಸ್ಸನ್ನು ಹುಡುಕುತ್ತ ಓಡಾಡುವ ದುಶ್ಶಲೆಯಿದ್ದಾಳೆ. ಗೆದ್ದ ಪಕ್ಷದ ಉತ್ತರೆಯೂ ಅಭಿಮನ್ಯುವಿನ ದೇಹದ ಬಳಿ ಕುಳಿತಿದ್ದಾಳೆ. ಅಳುವಿನಲ್ಲಿ ಕೌರವ-ಪಾಂಡವರೆಂಬ ಭೇದವಿಲ್ಲ.

ಧರ್ಮರಾಜನ ಆಜ್ಞೆ

ಮಡಿದವರೆಷ್ಟು ಮಂದಿ ಎಂದು ಧೃತರಾಷ್ಟ್ರನು ಕೇಳುತ್ತಾನೆ. ಧರ್ಮರಾಜನು ಸತ್ತವರ ಸಂಖ್ಯೆಯನ್ನು ಹೇಳಿ, ಕಾಣದೆ ಹೋದವರು 24,165 ಎಂದು ಬಿಡಿ ಸಂಖ್ಯೆಯವರೆಗೂ ಲೆಕ್ಕ ಒಪ್ಪಿಸುತ್ತಾನೆ. ಬಳಿಕ ವೃದ್ಧರಾಜನು ನಾಥರಿರುವವರಿಗೂ ಇಲ್ಲದವರಿಗೂ ಸಂಸ್ಕಾರವಾಗುವುದೇ ಎಂದು ಕೇಳಲು, ಧರ್ಮರಾಜನು ಸುಧರ್ಮ, ಧೌಮ್ಯ, ಸಂಜಯ, ವಿದುರ, ಯುಯುತ್ಸು, ಇಂದ್ರಸೇನ ಮೊದಲಾದವರನ್ನು ಕರೆದು, ಯಾವ ದೇಹವೂ ದಿಕ್ಕಿಲ್ಲದಂತೆ ನಾಶವಾಗಕೂಡದೆಂದು ಆಜ್ಞಾಪಿಸುತ್ತಾನೆ. ನಾನಾದೇಶಗಳಿಂದ ಬಂದು ಬಂಧುಗಳಿಲ್ಲದೆ ಬಿದ್ದಿದ್ದವರನ್ನು ವಿದುರನು ಒಟ್ಟುಗೂಡಿಸಿ ದಹನಮಾಡಿಸುತ್ತಾನೆ. ಶಾಂತಿಪರ್ವದಲ್ಲಿ ಇದೇ ಧರ್ಮರಾಜನು ಬಂಧುಗಳಿಲ್ಲದವರಿಗೆ ತಾನೇ ಔರ್ಧ್ವದೇಹಿಕವನ್ನು ನಡೆಸಿ, ಸತ್ತವರ ಹೆಸರಿನಲ್ಲಿ ಅರವಟ್ಟಿಗೆ, ಕೆರೆಗಳನ್ನು ಮಾಡಿಸಿ, ಪತಿಪುತ್ರರನ್ನು ಕಳೆದುಕೊಂಡ ಸ್ತ್ರೀಯರನ್ನು ಗೌರವದಿಂದ ಪಾಲಿಸಿದನೆಂದಿದೆ. ಗೆದ್ದ ರಾಜನು ಮಾಡಬೇಕಾದ ಮೊದಲ ಕೆಲಸವಿದು.

ಎರಡು ಸಂಸ್ಥಾನಗಳ ಅಶ್ವಸೈನಿಕರು

ಇದು ದ್ವಾಪರದ ಮಾತು ಮಾತ್ರವಲ್ಲ. ನಾವು ಬಿಟ್ಟುಬಂದ ಕನ್ನಡನಾಡಿನ ಮೈಸೂರು, ನಾವು ನೆಲೆಸಿರುವ ಹೈದರಾಬಾದು, ಈ ಎರಡು ಸಂಸ್ಥಾನಗಳ ಅಶ್ವಸೈನಿಕರೂ ಮೊದಲನೆಯ ಮಹಾಯುದ್ಧದಲ್ಲಿ ಜೋಧಪುರದವರೊಡನೆ ಒಂದೇ ಬ್ರಿಗೇಡಿನಲ್ಲಿದ್ದರು. 23-9-1918ರಂದು ಹೈಫಾ ನಗರವನ್ನು ಜೋಧಪುರ ಮತ್ತು ಮೈಸೂರಿನ ಭರ್ಜಿ ಸವಾರರು ಮೆಷಿನ್ ಗನ್ನುಗಳ ಎದುರು ಕುದುರೆ ಓಡಿಸಿ ಗೆದ್ದರು. ಮಡಿದವರು 8, ಗಾಯಗೊಂಡವರು 34. ಸೇನೆಯ ಲೆಕ್ಕದಲ್ಲಿ ಇದು ಅಲ್ಪವಾದೀತು. ಆ ಎಂಟು ಮನೆಗಳಿಗೆ ಅಲ್ಪವಲ್ಲ. ತುರ್ಕರೊಡನೆ ಈ ಸವಾರರಿಗೆ ಯಾವ ವೈರವಿತ್ತು? ಯುದ್ಧವನ್ನು ಘೋಷಿಸಿದವರು ಅವರನ್ನು ಕೇಳಿದ್ದರೆ? ಆಗ ಬ್ರಿಟಿಷ್ ಭಾರತೀಯ ಸೇನೆಯ ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ಯುದ್ಧಕಾಲದ ನೆರವಿಗಾಗಿ 1918ರಲ್ಲಿ ನಿಜಾಮರಿಗೆ ದೊರೆತದ್ದು ಹೊಸದೊಂದು ಬಿರುದು.

ಆ ಮಹಾಯುದ್ಧದಲ್ಲಿ ಮಡಿದ ಭಾರತೀಯರು 74,000ಕ್ಕೂ ಅಧಿಕ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಭಾರತೀಯ ಅಧಿಕಾರಿಗಳ ಹೆಸರನ್ನು ಕೆತ್ತಿ, ಸಾಮಾನ್ಯ ಸಿಪಾಯಿಗಳನ್ನು ರೆಜಿಮೆಂಟಿಗೆ ಇಷ್ಟು ಮಂದಿಯೆಂದು ಬರಿಯ ಸಂಖ್ಯೆಯಲ್ಲಿ ಸೂಚಿಸಿದರು. ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವು ಇಂತಹ ತಾರತಮ್ಯಕ್ಕಾಗಿ ಕ್ಷಮೆ ಕೇಳಿದ್ದು 2021ರಲ್ಲಿ. ಯಾವ ದೇಹವೂ ದಿಕ್ಕಿಲ್ಲದಂತೆ ನಾಶವಾಗಕೂಡದೆಂದ ಧರ್ಮರಾಜನ ಆಜ್ಞೆಯ ಹಿರಿಮೆ ಇಲ್ಲಿ ತಿಳಿಯುತ್ತದೆ.

ಸ್ವತಂತ್ರ ಭಾರತದಲ್ಲಿ ಸೈನಿಕನು ತನ್ನ ದೇಶಕ್ಕಾಗಿಯೇ ನಿಲ್ಲುತ್ತಾನೆ. ಆ ಭೇದವು ದೊಡ್ಡದು. ಆದರೂ ಹೋಗುವವರು ಯಾರ ಮಕ್ಕಳು? ಫೆಬ್ರವರಿ 2016ರಲ್ಲಿ ಸಿಯಾಚಿನ್ನಿನಲ್ಲಿ ಆರು ದಿನ ಹಿಮದಡಿ ಹೂತಿದ್ದು, ಜೀವಸಹಿತ ಹೊರಬಂದು, ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಧಾರವಾಡ ಜಿಲ್ಲೆಯ ಬೆಟದೂರಿನವರು. ಅವರೊಡನಿದ್ದ ಒಂಬತ್ತು ಮಂದಿಯೂ ಉಳಿಯಲಿಲ್ಲ. ಅಲ್ಲಿ ಶತ್ರುವಿನ ಒಂದು ಗುಂಡೂ ಹಾರಿರಲಿಲ್ಲ.

ನಮ್ಮ ಕರ್ತವ್ಯ

ನಮ್ಮಲ್ಲಿ ಬಹುತೇಕರ ಮಕ್ಕಳು ಬ್ಯಾಂಕು, ಕಂಪ್ಯೂಟರು, ಅಮೆರಿಕೆಯೆಂದು ಹೋಗಿದ್ದಾರೆ, ಅದರಲ್ಲಿ ದೋಷವಿಲ್ಲ. ಆದರೆ ಟಿ.ವಿ.ಯ ಮುಂದೆ ಕುಳಿತು ಯುದ್ಧವಾಗಲೇಬೇಕೆಂದು ಉದ್ಗರಿಸುವ ಮುನ್ನ, ಹೋಗುವವನು ನಮ್ಮ ಮಗನಾಗಿದ್ದರೆ ಇದೇ ಮಾತನ್ನು ಆಡುತ್ತಿದ್ದೆವೇ ಎಂದು ಒಮ್ಮೆ ಕೇಳಿಕೊಳ್ಳುವುದು ಯುಕ್ತ. ಯುದ್ಧವು ಅನಿವಾರ್ಯವೆಂದೇ ತೋರಿದರೂ ಆ ಮಾತು ತಗ್ಗಿದ ದನಿಯಲ್ಲಿ ಬರಬೇಕು. ಸ್ವತಃ ಶ್ರೀಕೃಷ್ಣಪರಮಾತ್ಮನೇ ಮೊದಲು ಸಂಧಿಗಾಗಿ ಹೋದನಲ್ಲವೇ?

ನಮ್ಮ ಶಾಸ್ತ್ರವು ಸತ್ತವರನ್ನು ಮರೆಯಲು ಬಿಟ್ಟಿಲ್ಲ. ಪಕ್ಷಮಾಸದ ಚತುರ್ದಶಿಯು ಶಸ್ತ್ರಹತರಾದವರ ಶ್ರಾದ್ಧಕ್ಕೆ ಮೀಸಲು. ಮಾಘ ಶುದ್ಧ ಅಷ್ಟಮಿಯಂದು ಸಂತಾನವಿಲ್ಲದ ಭೀಷ್ಮಾಚಾರ್ಯರಿಗೆ ನಾವು ತರ್ಪಣ ಬಿಡುತ್ತೇವೆ. ನಿತ್ಯತರ್ಪಣದ ಕೊನೆಯಲ್ಲಿ ತಾಯಿ, ತಂದೆ, ಬಂಧುಗಳಿಲ್ಲದವರಿಗೂ ಒಂದು ಪಾಲು ನೀರಿದೆ. ಮುಂದಿನ ಬಾರಿ ಆ ನೀರನ್ನು ಬಿಡುವಾಗ, ಬಸ್ರಾದಲ್ಲಿ ಸಂಖ್ಯೆಯಾಗಿ ಉಳಿದವರನ್ನೂ ನೆನೆಯೋಣ. ಬದುಕಿರುವ ಕುಟುಂಬಗಳಿಗೆ ಡಿಸೆಂಬರ್ 7ರ ಧ್ವಜದಿನದ ನಿಧಿಯಿದೆ. ಮನೆಯಲ್ಲಿ ಶುಭಕಾರ್ಯವಾದಾಗ ಅದಕ್ಕೊಂದು ಪಾಲನ್ನು ತೆಗೆದಿಡಬಹುದು. ಹತರಾದವರ ಮನೆಯವರನ್ನು ಪಾಲಿಸುವುದು ಧರ್ಮರಾಜನು ನಡೆದು ತೋರಿಸಿದ ದಾರಿ.

|| ಶ್ರೀಕೃಷ್ಣಾರ್ಪಣಮಸ್ತು ||