ಹದಿನೈದು ಸೆಕೆಂಡಿನ ಫೋಟೊ

ಮಾನನಷ್ಟ ಮೊಕದ್ದಮೆ ಬರುವುದು ದೊಡ್ಡ ತನಿಖಾ ವರದಿಗಳಿಗೆ ಎಂದು ಸುದ್ದಿಮನೆಗೆ ಹೊಸದಾಗಿ ಬಂದವರು ಅಂದುಕೊಂಡಿರುತ್ತಾರೆ. ಅಂಥ ವರದಿಯನ್ನು ಸಂಪಾದಕರು ಓದಿರುತ್ತಾರೆ, ವಕೀಲರೂ ನೋಡಿರುತ್ತಾರೆ. ಯಾರೂ ಎರಡನೇ ಸಲ ಕಣ್ಣಾಡಿಸದ ಫೋಟೊ, ತಲೆಬರಹಗಳ ಬಗ್ಗೆಯೇ ನನಗೆ ಹೆಚ್ಚು ಭಯ.

2008ರ ಸೆಪ್ಟೆಂಬರ್‌ನಲ್ಲಿ ಟೈಮ್ಸ್ ನೌ ವಾಹಿನಿ ಭವಿಷ್ಯನಿಧಿ ಹಗರಣವೊಂದರ ಸುದ್ದಿ ಕೊಡುತ್ತಿತ್ತು. ಹೇಳಿದ್ದು ಒಬ್ಬ ನ್ಯಾಯಮೂರ್ತಿಯ ಹೆಸರು. ತೆರೆಯ ಮೇಲೆ ಬಂದದ್ದು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅವರ ಚಿತ್ರ. ಅದು ಇದ್ದದ್ದು ಸುಮಾರು 15 ಸೆಕೆಂಡು. ಸಾವಂತರು ಪತ್ರ ಬರೆದ ಮೇಲೆ ವಾಹಿನಿ ಕ್ಷಮೆಯನ್ನೂ ಪ್ರಸಾರ ಮಾಡಿತು. ಆದರೂ 2011ರಲ್ಲಿ ಪುಣೆಯ ನ್ಯಾಯಾಲಯ 100 ಕೋಟಿ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಅದಕ್ಕೆ ತಡೆ ಬೇಕಾದರೆ 20 ಕೋಟಿ ಠೇವಣಿ ಇಡಿ, ಉಳಿದದ್ದಕ್ಕೆ ಬ್ಯಾಂಕ್ ಖಾತರಿ ಕೊಡಿ ಎಂದಿತು ಬಾಂಬೆ ಹೈಕೋರ್ಟ್. ಮೊತ್ತ ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಆದರೆ ಕಳಂಕವಿಲ್ಲದ ಒಬ್ಬರ ಮುಖವನ್ನು ಹಗರಣಕ್ಕೆ ಅಂಟಿಸಿದ್ದು ಸಣ್ಣ ತಪ್ಪಲ್ಲ.

ಕಾನೂನಿನಲ್ಲಿ ದಾರಿ ಎರಡು. ಪರಿಹಾರ ಕೇಳುವ ಸಿವಿಲ್ ದಾವೆಯನ್ನು ಪ್ರಕಟವಾದ ಒಂದು ವರ್ಷದೊಳಗೆ ಹೂಡಬೇಕು. ಇನ್ನೊಂದು ಕ್ರಿಮಿನಲ್ ದೂರು. 2024ರ ಜುಲೈ 1ರಿಂದ ಇದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಬರುತ್ತದೆ. ಎರಡು ವರ್ಷದವರೆಗೆ ಸಾದಾ ಸಜೆ, ದಂಡ, ಇಲ್ಲವೇ ಸಮುದಾಯ ಸೇವೆ. ಸಿವಿಲ್‌ನಲ್ಲಿ ಬರೆದದ್ದು ಸತ್ಯವೆಂದು ಸಾಬೀತಾದರೆ ಸಾಕು. ಕ್ರಿಮಿನಲ್‌ನಲ್ಲಿ ಸತ್ಯವನ್ನೇ ನೆಚ್ಚಿಕೊಂಡರೆ, ಅದನ್ನು ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕೆ ಎಂದೂ ತೋರಿಸಬೇಕು.

ಈಗ ಒಂದು ತಲೆಬರಹ ನೋಡಿ: ‘ಕೋಟಿ ಕೋಟಿ ನುಂಗಿದ ಎಂಜಿನಿಯರ್ ಮನೆ ಮೇಲೆ ದಾಳಿ’. ನುಂಗಿದ್ದಾರೆಂದು ಯಾವ ನ್ಯಾಯಾಲಯವೂ ಇನ್ನೂ ಹೇಳಿಲ್ಲ. ‘ಆದಾಯ ಮೀರಿದ ಆಸ್ತಿ ಆರೋಪ: ಎಂಜಿನಿಯರ್ ಮನೆಯಲ್ಲಿ ಲೋಕಾಯುಕ್ತ ಶೋಧ’ ಎಂದು ಬರೆದರೆ ಸುದ್ದಿಯ ತೂಕವೇನೂ ಇಳಿಯದು. ಎಫ್‌ಐಆರ್ ಪ್ರತಿ ಕೈಯಲ್ಲಿರಲಿ. ಎಂಜಿನಿಯರ್‌ಗೆ ಫೋನ್ ಮಾಡಿ, ಮಾಡಿದ ಸಮಯವನ್ನೂ ಅವರು ಹೇಳಿದ್ದನ್ನೂ ಬರೆದಿಟ್ಟುಕೊಳ್ಳಿ. ‘ಎನ್ನಲಾಗಿದೆ’ ಎಂದು ಸೇರಿಸಿದರೆ ಪಾರಾಗುತ್ತೇವೆಂದು ನಂಬಬೇಡಿ. ಇನ್ನೊಬ್ಬರು ಹೊರಿಸಿದ ಆರೋಪವನ್ನು ಪ್ರಕಟಿಸಿದರೂ ಹೊಣೆ ನಮ್ಮದೇ.

ಇಷ್ಟು ಕೇಳಿ ಬರೆಯುವುದನ್ನೇ ಬಿಡಬೇಡಿ. ಕಾನೂನು ಸಲಹೆಯ ಹೆಸರಿನಲ್ಲಿ ಒಳ್ಳೆಯ ವರದಿಯನ್ನು ಕೊಲ್ಲುವುದು ನನಗೆ ಬಹಳ ನೋವು ಕೊಡುತ್ತದೆ. ತಮಿಳಿನ ನಕ್ಕೀರನ್ ಪತ್ರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲೇ ಸ್ಪಷ್ಟವಾಗಿ ಹೇಳಿದೆ: ಅಧಿಕಾರಿಗಳ ಮಾನಹಾನಿಯಾದೀತೆಂದು ಸರ್ಕಾರ ಪ್ರಕಟಣೆಯನ್ನು ಮೊದಲೇ ತಡೆಯುವಂತಿಲ್ಲ, ಅಧಿಕಾರಿಯ ಕರ್ತವ್ಯಕ್ಕೆ ಸಂಬಂಧಿಸಿ ಬರೆಯುವಾಗ ಪತ್ರಕರ್ತ ತಕ್ಕಮಟ್ಟಿಗೆ ಪರಿಶೀಲಿಸಿದ್ದರೆ ಸಾಕು. ವಿಚಾರಣೆಗೆ ಮುನ್ನ ವರದಿಗೆ ತಡೆಯಾಜ್ಞೆ ಕೊಡುವುದು ತೀರಾ ಅಪರೂಪವಾಗಿರಬೇಕೆಂದು 2024ರ ಬ್ಲೂಮ್‌ಬರ್ಗ್ ಪ್ರಕರಣದಲ್ಲೂ ಅದೇ ನ್ಯಾಯಾಲಯ ಹೇಳಿತು.

ವಕೀಲರ ನೋಟಿಸ್ ಬಂದರೆ ಅವತ್ತೇ ಸಂಪಾದಕರಿಗೆ ತಿಳಿಸಿ, ಎದುರಿನವರಿಗೆ ನೀವೇ ಉತ್ತರ ಕೊಡಬೇಡಿ. ಟಿಪ್ಪಣಿ, ಧ್ವನಿಮುದ್ರಣ, ವಾಟ್ಸ್‌ಆ್ಯಪ್ ಸಂದೇಶ ಯಾವುದನ್ನೂ ಅಳಿಸಬೇಡಿ. ನಿಮ್ಮ ಪರ ಸಾಕ್ಷಿ ಅವೇ.